ಎರಡು ವಾರದ ಎರವಲು

ಕೋಟ್ಕಾ ಬಂದರು, ತೊಂಬತ್ತೈದರ ಫೆಬ್ರವರಿ.
ಹೆಲ್ಸಿಂಕಿಯಿಂದ ಪೆಟ್ಟಿಗೆಯಲ್ಲಿ ಬಂತು ಕ್ಯಾಮೆರಾ,
ಜೊತೆಗೆ ನಾಲ್ಕು ಹಾಳೆಯ ನಮೂನೆ:
ಗುಣ, ದೋಷ, ಶಿಫಾರಸು, ಸಹಿ.
"ಒಂದು ಕಾರಿನ ಬೆಲೆ, ತೌನೋ," ಅಂದ ಸಂಪಾದಕ ರೌಟಿಯೋ,
"ಬೀಳಿಸಬೇಡ."

ಮೇಲರ್ಧ ನನ್ನ ಹಳೆಯ ಗೆಳೆಯನೇ,
ಅದೇ ಗುಂಡಿ, ಅದೇ ಕಿಟಕಿ, ಕನ್ನಡಿ ಏಳುವ ಅದೇ ಠಕ್.
ಕೆಳಗರ್ಧ ಮಾತ್ರ ಬೀಗರ ಕಡೆಯವರು,
ಬಂದು ಕೂತು ಏಳುವ ಮಾತಿಲ್ಲ.
ಫಿಲ್ಮಿರಬೇಕಾದಲ್ಲಿ ಅಂಚೆಚೀಟಿಯಷ್ಟು ಗಾಜು.
ಇಡೀ ಹಡಗುಕಟ್ಟೆಯನ್ನು ನುಂಗುತ್ತಿದ್ದ ಇಪ್ಪತ್ತರ ಲೆನ್ಸಿಗೆ
ಈಗ ಒಂದು ಕ್ರೇನಿಗೇ ಹೊಟ್ಟೆ ತುಂಬುತ್ತದೆ.

ಹಾಕಿ ಪಂದ್ಯಕ್ಕೆ ಒಯ್ದೆ.
ಒತ್ತಿದೆ, ಒತ್ತಿದೆ, ಆಮೇಲೆ ಅದು ಯೋಚಿಸತೊಡಗಿತು.
ಯೋಚಿಸಿ ಮುಗಿಸುವಷ್ಟರಲ್ಲಿ ಗೋಲಾಗಿ,
ಹುಡುಗರು ತಬ್ಬಿಕೊಂಡು, ಬಿಟ್ಟೂ ಆಗಿತ್ತು.
ಹೊರಗೆ ಮೈನಸ್ ಇಪ್ಪತ್ತೆರಡು.
ಹನ್ನೊಂದನೇ ಚಿತ್ರಕ್ಕೆ ಬ್ಯಾಟರಿ ಕೈಚೆಲ್ಲಿತು;
ಬ್ಯಾಟರಿ ಬಿಚ್ಚಲು ಬಾರದು, ಹೊಟ್ಟೆಯೊಳಗೇ ಇದೆ,
ಕ್ಯಾಮೆರಾವನ್ನೇ ಕೋಟಿನೊಳಗೆ ಕಂಕುಳಲ್ಲಿಟ್ಟು
ಕೂಸು ಹೊತ್ತವನಂತೆ ನಡೆದೆ.
ಪಕ್ಕೆಗೆ ಗುಂಯ್ ಎನ್ನುತ್ತಿತ್ತು
ಅದರ ಕಾರ್ಡಿನೊಳಗಿನ ಪುಟ್ಟ ತಟ್ಟೆ.

ಕತ್ತಲಕೋಣೆಯ ಬಾಗಿಲಲ್ಲಿ ಔನೆ,
ಮೂವತ್ತು ವರ್ಷದ ಫಿಕ್ಸರ್ ಕುಡಿದ ಕಂದು ಉಗುರು.
"ತೊಳೆಯುವುದಕ್ಕೆ ಏನೂ ಇಲ್ಲವೇ?"
"ಇಲ್ಲ."
ಗುಣದ ಕಲಮಿನಲ್ಲಿ "ವೇಗ, ಐದೇ ನಿಮಿಷ" ಎಂದು ಬರೆದೆ
ಅವಳು ಕಾಫಿಗೆ ಹೋದ ಮೇಲೆ.

ಗುರುವಾರ ಹಡಗುಗಳಿಗೆ ದಾರಿ ತೋರುತ್ತಿದ್ದ ತಿಯಾಯ್ನೆನ್ ಮುದುಕನ ಶವಸಂಸ್ಕಾರ.
ಹಿಮ, ಗುಂಡಿ, ಕರಿಯ ಬಟ್ಟೆಯ ನಲವತ್ತು ಜನ.
ಸಂಜೆ ಪರದೆಯ ಮೇಲೆ ತೆರೆದು ನೋಡಿದರೆ
ಪಾದ್ರಿಯ ಉಣ್ಣೆ ಕಪ್ಪು,
ಹೆಣ ಹೊತ್ತ ಆರೂ ಜನ ನೇರಳೆ,
ವಿಧವೆ ಹಿಲ್ಕಾ ಅಚ್ಚ ಬೀಟ್‌ರೂಟು.
ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ;
ಈ ಕಣ್ಣಿಗೇನು ರೋಗ?

ಫೋನಿನಲ್ಲಿ ಎಂಜಿನಿಯರ್ ಶೋಬ್ಲೋಮ್ ನಕ್ಕ:
"ನಮಗೆ ಕಾಣದ ಕೆಂಪು ಅದಕ್ಕೆ ಕಾಣುತ್ತದೆ, ಅಷ್ಟೇ.
ಅಗ್ಗದ ನೂಲಿನ ಕಪ್ಪೆಲ್ಲ ಹೀಗೇ.
ಲೆನ್ಸಿಗೊಂದು ಫಿಲ್ಟರ್ ಹಾಕಿ.
ಮುಂದಿನ ಮಾದರಿಯಲ್ಲಿ ಸರಿಯಾಗುತ್ತೆ."
ಹೇಗೂ ನಮ್ಮದು ಕಪ್ಪು ಬಿಳುಪು ಪತ್ರಿಕೆ.
ಬಣ್ಣ ತೆಗೆದು ಮೂರನೇ ಪುಟಕ್ಕೆ ಕಳಿಸಿದೆ.

ಸೋಮವಾರ ಹಿಲ್ಕಾ ಬಂದಳು, ಒಂದು ಪ್ರತಿ ಬೇಕಂತೆ.
ಪರದೆಯನ್ನು ತಿರುಗಿಸಿಡುವುದು ಮರೆತಿದ್ದೆ.
ನೋಡಿದಳು. ಕೈಗವಸು ತೆಗೆದಳು.
"ಯಾರು ಹೇಳಿದರು ನಿಮಗೆ?"
"ಏನನ್ನು?"
"ಇದು ದ್ರಾಕ್ಷಾರಸದ ಬಣ್ಣದ ಕೋಟು.
ಟಾಲಿನ್‌ನಲ್ಲಿ ಅವನೇ ಕೊಡಿಸಿದ್ದು, ಚೌಕಾಶಿ ಮಾಡಿ.
ಹಿಂದಿನ ರಾತ್ರಿ ಸೌನಾದ ಹಂಡೆಯಲ್ಲಿ
ಕರಿಬಣ್ಣ ಕುದಿಸಿ ಮುಳುಗಿಸಿದೆ.
ಒಂದು ದಿನದ ಕಪ್ಪಿಗೆ ಹೊಸದೇಕೆ ಕೊಳ್ಳಲಿ?
ತಂಗಿಗೂ ಗೊತ್ತಾಗಲಿಲ್ಲ."

ಶೋಬ್ಲೋಮನ ವಿವರಣೆ ಗಂಟಲವರೆಗೆ ಬಂದಿತ್ತು.
ಹೆಣ ಹೊತ್ತವರ ಚಿತ್ರವೂ ಅಲ್ಲೇ ಕೆಳಗಿತ್ತು,
ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.
ಒತ್ತಲಿಲ್ಲ.
ಬಣ್ಣದ ಪ್ರತಿಯನ್ನೇ ಕೊಂಡೊಯ್ದಳು,
ಹಣ ಬೇಡವೆಂದರೂ ಹತ್ತು ಮಾರ್ಕ ಇಟ್ಟು.

ದೋಷದ ಕಲಮು ಎರಡು ದಿನ ಖಾಲಿ ಇತ್ತು.
ಆಮೇಲೆ ಬರೆದೆ, ಬರೆಯಲೇಬೇಕಲ್ಲ:
"ಕಪ್ಪು ಕಪ್ಪಾಗಿ ಬರುವುದಿಲ್ಲ."
ಶಿಫಾರಸು: ಕೊಳ್ಳಬಹುದು.
ಔನೆ ಹೆಗಲ ಮೇಲಿಂದ ಓದಿದಳು.
"ಕೆಂಪು ದೀಪದ ಕೆಳಗೆ ಮೂವತ್ತು ವರ್ಷ ಕಳೆದೆ," ಅಂದಳು,
"ಕೆಂಪು ಒಂದನ್ನು ಬಿಟ್ಟು ಎಲ್ಲ ತೊಳೆದಿದ್ದೇನೆ."
ಸಹಿಗೆ ಪೆನ್ನು ಓಡಲಿಲ್ಲ.
ಅವಳದೇ ಕೊಟ್ಟಳು.